ಮಗಳ ಕಣ್ಣಿಗೆ ಕೀಮೋ ಕೊಡಿಸುವುದೋ, ಕಣ್ಣನ್ನೇ ತೆಗೆಸುವುದೋ? ಅನುಭವವಿದ್ದವರು ತಿಳಿಸಿ

ಪ್ರಶ್ನೆ ಕೇಳಿದ ತಂದೆ: ಮಗಳಿಗೆ 14 ತಿಂಗಳು. ಎಡಗಣ್ಣಿನಲ್ಲಿ ರೆಟಿನೋಬ್ಲಾಸ್ಟೋಮಾ (ಕಣ್ಣಿನ ಹಿಂಬದಿಯ ಅಕ್ಷಿಪಟಲದ ಕ್ಯಾನ್ಸರ್), ಡಿ ಗುಂಪು, ಅಂದರೆ ಸಾಕಷ್ಟು ಮುಂದುವರಿದದ್ದು. ಬಲಗಣ್ಣು ಚೆನ್ನಾಗಿದೆ. ಆರು ಸುತ್ತು ಕೀಮೋ, ತೊಡೆಯ ರಕ್ತನಾಳದಿಂದ ನೇರವಾಗಿ ಕಣ್ಣಿಗೆ ಕೀಮೋ, ಇಲ್ಲವೇ ಕಣ್ಣು ತೆಗೆಯುವುದು ಎಂದಿದ್ದಾರೆ. ಸೋಮವಾರದೊಳಗೆ ಹೇಳಬೇಕು. ನೀವು ಏನು ಮಾಡಿದಿರಿ?

ಆರು ಸುತ್ತು ಮುಗಿಸಿದ ತಾಯಿ: ನನ್ನ ಮಗನಿಗೆ ವಿನ್‌ಕ್ರಿಸ್ಟೀನ್, ಎಟೊಪೊಸೈಡ್, ಕಾರ್ಬೋಪ್ಲಾಟಿನ್ ಮೂರೂ ಕೀಮೋ ಔಷಧ ಆದವು. ನಾಲ್ಕು ವಾರಕ್ಕೊಂದು ಸುತ್ತು ಎಂದಿದ್ದರು. ಎಲ್ಲಿಯ ನಾಲ್ಕು ವಾರ! ಎರಡನೆಯದಕ್ಕೆ ರಕ್ತಕಣ ಏರಲಿಲ್ಲವೆಂದು 9 ದಿನ ತಡ. ಮೂರನೆಯದರ ನಂತರ ನ್ಯೂಟ್ರೊಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 120ಕ್ಕೆ ಇಳಿದು, ರಾತ್ರಿ ಎರಡು ಗಂಟೆಗೆ 102 ಡಿಗ್ರಿ ಜ್ವರ, 11 ದಿನ ವಾರ್ಡ್. ವಿನ್‌ಕ್ರಿಸ್ಟೀನ್‌ನಿಂದ ಆರು ದಿನ ಮಲವೇ ಆಗಲಿಲ್ಲ. ಅದರಿಂದಲೇ, ಆಗಷ್ಟೇ ನಡೆಯಲು ಕಲಿತಿದ್ದವನು ಕಾಲಿನ ಹೆಬ್ಬೆರಳು ಎಳೆದುಕೊಂಡು ನಡೆಯತೊಡಗಿದ. ಬಲಗಾಲಿನ ಚಪ್ಪಲಿಯ ತುದಿ ಮಾತ್ರ ಸವೆದಿತ್ತು. ಗಡ್ಡೆ ಸುಣ್ಣಗಟ್ಟಿ ಕುಗ್ಗಿತು, ಲೇಸರ್ ಕೂಡ ಆಯಿತು. ಐದು ತಿಂಗಳ ನಂತರ ಕಣ್ಣಿನೊಳಗೆ ಬೀಜಗಳು (ಗಡ್ಡೆಯಿಂದ ಕಳಚಿದ ಚೂರುಗಳು) ಮತ್ತೆ ತೇಲಿದವು. ಎಡಗಣ್ಣನ್ನು ತೆಗೆಸಿದೆವು. ಆದರೂ ನನಗೆ ಪಶ್ಚಾತ್ತಾಪವಿಲ್ಲ.

ಮೊದಲೇ ತೆಗೆಸಿದವನು: ಅಷ್ಟೂ ವಿಷ ಹರಿಸಿ ಕೊನೆಗೆ ತೆಗೆಸಿದ್ದೇ ಆದರೆ ಮೊದಲೇ ತೆಗೆಸಬಹುದಿತ್ತಲ್ಲ ತಾಯಿ? ನಾವು ನಾಲ್ಕನೆಯ ದಿನಕ್ಕೇ ತೆಗೆಸಿದೆವು. ಆಮೇಲೆ ತೆಗೆದ ಕಣ್ಣಿನ ಪೆಥಾಲಜಿ (ಸೂಕ್ಷ್ಮದರ್ಶಕ ಪರೀಕ್ಷೆಯ) ವರದಿಗಾಗಿ ಕಾದ ಹತ್ತು ದಿನವೇ ನರಕ. ಕಣ್ಣಿನ ನರದ ತುಂಡರಿಸಿದ ತುದಿಯಲ್ಲಿ ಗಡ್ಡೆ ಇದ್ದಿದ್ದರೆ ಕೀಮೋ ತಪ್ಪುತ್ತಿರಲಿಲ್ಲ. ಇರಲಿಲ್ಲ. ಈಗ ಮಗಳು ಕೃತಕ ಕಣ್ಣನ್ನು ತಾನೇ ತೆಗೆದು ಅಂಗೈಯಲ್ಲಿಟ್ಟುಕೊಂಡು, "ಅಪ್ಪಾ, ಇದಕ್ಕೆ ನಿದ್ದೆ ಬಂತು" ಎನ್ನುತ್ತಾಳೆ.

ಆರು ಸುತ್ತು ಮುಗಿಸಿದ ತಾಯಿ: ಸ್ವಾಮಿ, ನನ್ನ ಮಗನಿಗೆ ಎರಡೂ ಕಣ್ಣಿನಲ್ಲಿತ್ತು. ಎರಡನ್ನೂ ತೆಗೆಸಬೇಕಿತ್ತೇ? ಅದೇ ವಿಷದಿಂದ ಬಲಗಣ್ಣು ಉಳಿದು, ಇವತ್ತು ಅವನು ಓದುತ್ತಿದ್ದಾನೆ. ಕೇಳದೆ ತೀರ್ಪು ಕೊಡಬೇಡಿ.

ಮೊದಲೇ ತೆಗೆಸಿದವನು: ಎರಡು ಕಣ್ಣೆಂದು ನೀವು ಬರೆದಿರಲಿಲ್ಲ. ಬರೆಯದ್ದನ್ನು ಓದುವ ವಿದ್ಯೆ ನನಗಿಲ್ಲ.

ರಕ್ತನಾಳದ ದಾರಿ ಹಿಡಿದವನು: ಇಬ್ಬರೂ ಮೂರನೆಯ ದಾರಿಯನ್ನು ಮರೆತಿರಿ. ನಾವು ತೊಡೆಯ ರಕ್ತನಾಳದಿಂದ ಕಣ್ಣಿಗೆ ಮೆಲ್ಫಲಾನ್ ಎಂಬ ಕೀಮೋ ಔಷಧವನ್ನು ಮೂರು ಬಾರಿ ಕೊಡಿಸಿದೆವು. ಎರಡನೆಯ ಬಾರಿ ತೂರುನಳಿಕೆ ಕಣ್ಣಿನ ರಕ್ತನಾಳ ಮುಟ್ಟಿದೊಡನೆ ಉಸಿರಾಟ ಬಿಗಿದು ರಕ್ತದೊತ್ತಡ ಕುಸಿಯಿತು. ಔಷಧ ಕೊಟ್ಟು ಸರಿಪಡಿಸುವವರೆಗೆ ಹೊರಗೆ ಕುಳಿತ ನಮಗೆ ಯಾರೂ ಏನೂ ಹೇಳಲಿಲ್ಲ. ರೆಪ್ಪೆ ಮೂರು ತಿಂಗಳು ಜೋತುಬಿದ್ದಿತ್ತು, ಹಣೆಯ ಮೇಲೆ ಕೆಂಪು ಪಟ್ಟಿ. ಉಳಿದ ಬೀಜಗಳಿಗೆ ಕಣ್ಣಿನೊಳಕ್ಕೇ ಐದು ಚುಚ್ಚುಮದ್ದು, ಪ್ರತಿ ಬಾರಿಯೂ ಸೂಜಿ ಹೊಕ್ಕ ಜಾಗವನ್ನು ಅತಿಶೀತದಿಂದ ಹೆಪ್ಪುಗಟ್ಟಿಸುತ್ತಿದ್ದರು. ಕೂದಲು ಉದುರಲಿಲ್ಲ, ಕಣ್ಣು ಉಳಿಯಿತು.

ಮೊದಲೇ ತೆಗೆಸಿದವನು: ಆ ಕಣ್ಣಿಗೆ ಕಾಣುತ್ತದೆಯೇ?

ರಕ್ತನಾಳದ ದಾರಿ ಹಿಡಿದವನು: ಕೈಯಾಡಿಸಿದರೆ ತಿಳಿಯುತ್ತದೆ. ನಿಮ್ಮ ಮಗಳ ಗಾಜಿಗೆ ಅಷ್ಟಾದರೂ ತಿಳಿಯುತ್ತದೆಯೇ?

ಮೊದಲೇ ತೆಗೆಸಿದವನು: ಅದು ಗಾಜಲ್ಲ, ಅಕ್ರಿಲಿಕ್. ಮಾತು ಅಳೆದು ಆಡಿ. ಆ ದಾರಿಯಲ್ಲಿ ಔಷಧ ಹೆಚ್ಚಾಗಿ ಕಣ್ಣಿಗೇ ಹೋಗುವುದು. ಕಣ್ಣು ದಾಟಿದ ಒಂದು ಕ್ಯಾನ್ಸರ್ ಕಣ ಇದ್ದರೆ ಏನು ಮಾಡುತ್ತಿದ್ದಿರಿ?

ಹನಿ ಹಾಕಿಕೊಂಡ ಹಿರಿಯ: ಎಲ್ಲರೂ ಕೀಮೋ ಎಂದೊಡನೆ ಹೆದರಿಸುತ್ತೀರಿ. ನನ್ನ ಕಣ್ಣಿನ ಬಿಳಿಯ ಪೊರೆಯ ಮೇಲೆ ಕ್ಯಾನ್ಸರ್ ಇತ್ತು. 5-ಫ್ಲೂರೊಯುರಾಸಿಲ್ ಎಂಬ ಕೀಮೋ ಔಷಧದ ಹನಿ, ದಿನಕ್ಕೆ ನಾಲ್ಕು ಬಾರಿ, ಒಂದು ವಾರ ಹಾಕಿ ಮೂರು ವಾರ ಬಿಡುವು. ರೆಪ್ಪೆಯ ಅಂಚು ಸುಟ್ಟಂತೆ ಉರಿಯುತ್ತಿತ್ತು, ಅಷ್ಟೇ.

ಆರು ಸುತ್ತು ಮುಗಿಸಿದ ತಾಯಿ: ಹಿರಿಯರೇ, ಇದು ಮಗುವಿನ ಅಕ್ಷಿಪಟಲದ ಗಡ್ಡೆ. ಹನಿ ಅಲ್ಲಿಗೆ ತಲುಪುವುದಿಲ್ಲ. ಆಸೆ ಹುಟ್ಟಿಸಬೇಡಿ.

ಹನಿ ಹಾಕಿಕೊಂಡ ಹಿರಿಯ: ತಲುಪುತ್ತದೆ ಎಂದು ನಾನೆಲ್ಲಿ ಹೇಳಿದೆನಮ್ಮಾ? ಅನುಭವ ಕೇಳಿದ್ದರು, ಹೇಳಿದೆ. ನನ್ನ ಉರಿಯೂ ಉರಿಯೇ.

ಪ್ರಶ್ನೆ ಕೇಳಿದ ತಂದೆ: ಜಗಳ ಬೇಡ. ಒಂದೇ ಕಣ್ಣಾದ್ದರಿಂದ ವಂಶವಾಹಿ ಪರೀಕ್ಷೆ ಬೇಡ ಎನ್ನುತ್ತಿದ್ದಾರೆ ಮನೆಯವರು. ನಿಜವೇ?

ಮೊದಲೇ ತೆಗೆಸಿದವನು: ನಾವು ಮಾಡಿಸಲಿಲ್ಲ.

ಆರು ಸುತ್ತು ಮುಗಿಸಿದ ತಾಯಿ: ಮಾಡಿಸಬೇಕಿತ್ತು ನೀವು. ಒಂದೇ ಕಣ್ಣಿನ ಮಕ್ಕಳಲ್ಲೂ ಕೆಲವರಿಗೆ ಈ ಕ್ಯಾನ್ಸರ್‌ಗೆ ಕಾರಣವಾಗುವ ಆರ್‌ಬಿ1 ಎಂಬ ವಂಶವಾಹಿಯ ದೋಷ ಹುಟ್ಟಿನಿಂದಲೇ ಇರುತ್ತದೆ. ಆಗ ಇನ್ನೊಂದು ಕಣ್ಣನ್ನೂ ಮುಂದೆ ಹುಟ್ಟುವ ತಮ್ಮ ತಂಗಿಯರನ್ನೂ ನೋಡುತ್ತಿರಬೇಕು. ಕೇಳಿದವರೇ, ಕಾರ್ಬೋಪ್ಲಾಟಿನ್ ಕೊಡುವುದಾದರೆ ಪ್ರತಿ ಸುತ್ತಿಗೂ ಮುನ್ನ ಕಿವಿಯ ಪರೀಕ್ಷೆ ಮಾಡಿಸಿ. ನಾವು ಎರಡು ಸುತ್ತು ಬಿಟ್ಟುಬಿಟ್ಟೆವು. ಈಗ ಅವನಿಗೆ ಹಕ್ಕಿಯ ಕೂಗು ಕೇಳುವುದಿಲ್ಲ.

ಮೊದಲೇ ತೆಗೆಸಿದವನು: ಪರೀಕ್ಷೆಗೆ ನಮ್ಮ ರಕ್ತವೂ ಬೇಕೇ, ಮಗಳದ್ದು ಮಾತ್ರ ಸಾಕೇ?