ಸಹಾಯ ಬೇಕು: ಗೋಡೆಗೆ ಕ್ವಾರ್ಟ್ಜೈಟ್ ಕಲ್ಲು, ಮಲೆನಾಡಿನ ಮಳೆಗೆ ಆಗುತ್ತಾ?

ನಮಸ್ಕಾರ, ಸಾಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ಗೋಡೆಗೂ ಹಾಲ್‌ನ ಟಿವಿ ಗೋಡೆಗೂ ರಾಜಸ್ಥಾನದ ಕ್ವಾರ್ಟ್ಜೈಟ್ (ಬೆಣಚುಕಲ್ಲಿನ ಜಾತಿಯ ಗಟ್ಟಿ ಕಲ್ಲು) ಹಾಕಿಸುವ ಆಸೆ. ಅಂಗಡಿಯವರು ಕೊಟ್ಟ ಸ್ಯಾಂಪಲ್‌ಗಳ ಮೇಲೆ ನಿಂಬೆರಸ ಹಿಂಡಿ ನೋಡಿದೆ, ಒಂದರ ಮೇಲೆ ಸಣ್ಣಗೆ ಗುಳ್ಳೆ ಎದ್ದಿತು, ಅಂದ್ರೆ ಅದು ಸುಣ್ಣದ ಅಂಶದ ಕಲ್ಲು ಅಲ್ವಾ? ಇನ್ನೊಂದಕ್ಕೆ ಏನೂ ಆಗಲಿಲ್ಲ, ಮೊಳೆಯಲ್ಲಿ ಗೀರಿದರೆ ಕಲ್ಲಿನ ಮೇಲೆ ಮೊಳೆಯದೇ ಬೂದು ಗುರುತು ಬಿತ್ತು, ಅಂದ್ರೆ ಕಲ್ಲೇ ಮೊಳೆಗಿಂತ ಗಟ್ಟಿ. ಅದನ್ನೇ ತಗೊಳ್ಳೋಣ ಅಂತ.

ಚಿಂತೆ ಇರುವುದು ಹೊರಗಿನ ಗೋಡೆಯದ್ದು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಒಣಗುವುದೇ ಇಲ್ಲ. ಒರಟು ಮೈಯ ಕಲ್ಲಿಗೆ ಪಾಚಿ ಜಾಸ್ತಿ ಹಿಡಿಯುತ್ತಾ, ಸೀಲರ್ (ನೀರು ಇಂಗದಂತೆ ಹಚ್ಚುವ ಲೇಪ) ಹೊಡೆಸಿದರೆ ಉಪಯೋಗ ಇದೆಯಾ? ಮೇಸ್ತ್ರಿ ಬರೀ ಸಿಮೆಂಟಲ್ಲಿ ಅಂಟಿಸ್ತೀನಿ ಅಂತಾರೆ, ನನಗೆ ಧೈರ್ಯ ಇಲ್ಲ. ಎತ್ತರದಲ್ಲಿ ಕಲ್ಲು ಬೀಳದಂತೆ ಹಿಡಿದಿಡಲು ಸ್ಟೀಲ್ ಕ್ಲಾಂಪ್ ಬೇಕಲ್ವಾ? ಮಲೆನಾಡಲ್ಲಿ ಹಾಕಿಸಿದವರು ದಯವಿಟ್ಟು ಫೋಟೋ ಹಾಕಿ, ಹೊಸದರದ್ದಲ್ಲ, ಮಳೆಗಾಲ ಕಳೆದ ಮೇಲಿನದ್ದು.