ತೋಳಿನ ಸೆನ್ಸರ್ ಬಗ್ಗೆ ಸುರಕ್ಷತಾ ಎಚ್ಚರಿಕೆ ಬಂದರೆ ಏನು ಮಾಡಬೇಕು?

ಪ್ರಶ್ನೆ: ಇನ್ಸುಲಿನ್ ತೆಗೆದುಕೊಳ್ಳುವ ನಮ್ಮ ತಂದೆಯವರ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿದ್ದೇವೆ. ಅಮೆರಿಕದಲ್ಲಿರುವ ತಂಗಿ ಕಳುಹಿಸಿಕೊಟ್ಟದ್ದು. ಆ ಕಂಪನಿಯ ಕೆಲವು ಸೆನ್ಸರ್‌ಗಳಲ್ಲಿ ತಯಾರಿಕೆಯ ದೋಷವಿದೆಯೆಂದು ಈಗ ತಿಳಿಯಿತು. ಕೂಡಲೇ ಕಿತ್ತುಹಾಕಬೇಕೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಟೈಪ್ 1 ಮಧುಮೇಹವಿರುವ ಹುಡುಗಿಯ ತಾಯಿ, ಮೈಸೂರು: ಗಾಬರಿಯಾಗುವ ಮೊದಲು ಸೀರಿಯಲ್ ನಂಬರ್ ಹುಡುಕಿ. ಇಂತಹ ಎಚ್ಚರಿಕೆಗಳು ಬಹುಮಟ್ಟಿಗೆ ಆಯ್ದ ಲಾಟ್‌ಗಳಿಗಷ್ಟೇ (ಒಟ್ಟಿಗೆ ತಯಾರಾದ ಗುಂಪುಗಳಿಗಷ್ಟೇ) ಅನ್ವಯಿಸುತ್ತವೆ. ನಂಬರ್ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರಗಳಲ್ಲಿರುತ್ತದೆ; ಪೆಟ್ಟಿಗೆ ಕಸಕ್ಕೆ ಹೋಗಿದ್ದರೆ ಫೋನಿನ ಆ್ಯಪ್‌ನಲ್ಲಿ ನೋಡಬಹುದು. ಹೊಸ ಪೆಟ್ಟಿಗೆ ತೆರೆದಾಗಲೆಲ್ಲ ನಾನು ಆ ಬದಿಯ ಫೋಟೊ ತೆಗೆದಿಡುತ್ತೇನೆ.

ಆಸ್ಪತ್ರೆಯೊಂದರ ಬಯೋಮೆಡಿಕಲ್ ಎಂಜಿನಿಯರ್: ದೋಷವಿದೆ ಎಂದಷ್ಟೇ ಓದಿ ನಿಲ್ಲಿಸಬೇಡಿ, ಉಪಕರಣ ಯಾವ ರೀತಿಯಲ್ಲಿ ತಪ್ಪುತ್ತದೆ ಎಂಬುದನ್ನು ಓದಿ. 2025ರ ನವೆಂಬರ್‌ನಲ್ಲಿ ಅಬಾಟ್ ಕಂಪನಿಯು ಫ್ರೀಸ್ಟೈಲ್ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಸೆನ್ಸರ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ದೋಷ ಹುಟ್ಟಿದ್ದು ಒಂದು ಉತ್ಪಾದನಾ ಸಾಲಿನಲ್ಲಿ, ಆದರೆ ಅಮೆರಿಕವೊಂದರಲ್ಲೇ ಸುಮಾರು 30 ಲಕ್ಷ ಸೆನ್ಸರ್‌ಗಳು ಅದರ ವ್ಯಾಪ್ತಿಗೆ ಬಂದವು. ಅವು ಸಕ್ಕರೆಯನ್ನು ಇರುವುದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯಿತ್ತು. ಅದನ್ನು ನಂಬಿದ ರೋಗಿ ಸಿಹಿ ತಿನ್ನುತ್ತಾನೆ, ಇನ್ಸುಲಿನ್ ಬಿಡುತ್ತಾನೆ, ನಿಜವಾದ ಸಕ್ಕರೆ ಮಾತ್ರ ಏರುತ್ತಲೇ ಹೋಗುತ್ತದೆ. ಅದೇ ವರ್ಷ ಡೆಕ್ಸ್‌ಕಾಮ್ ಕಂಪನಿಯ ರಿಸೀವರ್‌ಗಳಲ್ಲಿ (ಸೆನ್ಸರಿನ ಅಂಕಿ ತೋರಿಸಿ ಅಲಾರಂ ಹೊಡೆಯುವ ಪುಟ್ಟ ಸಾಧನ) ಕಂಡದ್ದು ಬೇರೆಯೇ ತೊಂದರೆ: ಒಳಗಿನ ಫೋಮ್ ಅಥವಾ ಜೋಡಣೆಯ ದೋಷದಿಂದ ಸ್ಪೀಕರ್ ಸರ್ಕಿಟ್ ಬೋರ್ಡಿನ ಸಂಪರ್ಕ ಕಳೆದುಕೊಂಡು, ಅಳತೆ ಸರಿಯಿದ್ದರೂ ಅಲಾರಂ ಕೇಳಿಸದೆ ಹೋಗಬಹುದಿತ್ತು. ಮೊದಲನೆಯ ಬಗೆಯಾದರೆ ಆ ಸೆನ್ಸರ್ ತೆಗೆಯಲೇಬೇಕು. ಎರಡನೆಯದಾದರೆ ಅಲಾರಂ ಪರೀಕ್ಷಿಸಿ, ಸದ್ದು ಬಾರದಿದ್ದಲ್ಲಿ ಬದಲಿ ಬರುವವರೆಗೆ ಫೋನಿನಲ್ಲಿ ಎಚ್ಚರಿಕೆ ಪಡೆಯುವ ವ್ಯವಸ್ಥೆ ಮಾಡಿಕೊಳ್ಳಿ. ನಿಮ್ಮದು ಯಾವ ಬಗೆಯೆಂದು ಬರೆದಿಲ್ಲವಾದ್ದರಿಂದ, ಅದು ತಿಳಿಯುವವರೆಗೆ ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡಿದ ಅಂಕಿಯ ಮೇಲೆಯೇ ಇನ್ಸುಲಿನ್ ನಿರ್ಧಾರವಾಗಲಿ; ಡೋಸ್ ಬದಲಾಯಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ.

ಇನ್ಸುಲಿನ್ ಬಳಸುವ ನಿವೃತ್ತ ಶಿಕ್ಷಕ, ಶಿವಮೊಗ್ಗ: ಎಲ್ಲ ತಪ್ಪು ಅಂಕಿಯೂ ತಯಾರಿಕೆಯ ದೋಷವಲ್ಲ. ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದರೆ ಆ ಒತ್ತಡಕ್ಕೇ ನಡುರಾತ್ರಿ 60 ಎಂದು ತೋರಿಸಿ ಅಲಾರಂ ಹೊಡೆದುಕೊಳ್ಳುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿ ಮೇಲೇರುತ್ತದೆ. ಊಟವಾದ ಕೂಡಲೇ ಸೆನ್ಸರ್ ಅಂಕಿಯನ್ನು ಗ್ಲೂಕೋಮೀಟರ್ ಅಂಕಿಯೊಂದಿಗೆ ಹೋಲಿಸಬೇಡಿ, ಏಕೆಂದರೆ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ಬೇಗಬೇಗ ಏರುವಾಗ ಅದು ಕೆಲವು ನಿಮಿಷ ಹಿಂದಿರುತ್ತದೆ. ಬೆವರು, ನಡುಕ ಇದ್ದು ಸೆನ್ಸರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದ್ದರೆ ಮೈ ಹೇಳುವುದನ್ನು ನಂಬಿ, ಬೆರಳು ಚುಚ್ಚಿ ನೋಡಿ.

ನ್ಯೂಜೆರ್ಸಿಯಲ್ಲಿರುವ ಕನ್ನಡತಿ: ಊರಿಗೆ ಸೆನ್ಸರ್ ಕಳುಹಿಸುವವರು ಒಂದು ವಿಷಯ ಗಮನಿಸಬೇಕು. ಕಂಪನಿಯ ಪತ್ರ ಬಂದರೂ ಅದು ಕೊಂಡವರ ಹೆಸರಿಗೆ, ಇಲ್ಲಿಯ ವಿಳಾಸಕ್ಕೇ ಬರುತ್ತದೆ. ತೋಳಿಗೆ ಅಂಟಿಸಿಕೊಂಡ ಅಪ್ಪನಿಗೆ ಅದರ ಸುಳಿವೇ ಇರುವುದಿಲ್ಲ. ಆದ್ದರಿಂದ ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡುವ ಕೆಲಸವನ್ನು ನಿಮ್ಮ ತಂಗಿಗೇ ವಹಿಸಿ. ಲಿಬ್ರೆ ಪ್ರಕರಣದಲ್ಲಿ ಕಂಪನಿಯು ದೋಷಯುಕ್ತ ಸೆನ್ಸರ್‌ಗಳಿಗೆ ಉಚಿತವಾಗಿ ಬದಲಿ ಕೊಡುವುದಾಗಿ ಹೇಳಿತ್ತು.

ಬಯೋಮೆಡಿಕಲ್ ಎಂಜಿನಿಯರ್ ಮತ್ತೆ: ತೆಗೆದ ಸೆನ್ಸರನ್ನು ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಕಂಪನಿ ಅದನ್ನು ಕೇಳಬಹುದು. ತಂದೆಯವರಿಗೆ ಅದರಿಂದ ತೊಂದರೆಯಾಗಿದ್ದರೆ, ವೈದ್ಯಕೀಯ ಉಪಕರಣಗಳ ಇಂತಹ ದೂರುಗಳಿಗಾಗಿಯೇ ಭಾರತದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ರೋಗಿಯ ಮನೆಯವರೂ ಅಲ್ಲಿಗೆ ವರದಿ ಕೊಡಬಹುದು.