ಡಿಗ್ರಿ ಬೇಡ ಅಂದೆವು, ಎಐ ತಂದೆವು, ಈಗ ತಲೆ ಕೆಟ್ಟಿದೆ

ಹೊಸ_ಎಚ್‌ಆರ್:
ನಮ್ಮ ನೇಮಕಾತಿ ಟೀಮ್ ಅಂದ್ರೆ ನಾವಿಬ್ಬರೇ. ಡೇಟಾ ಅನಲಿಸ್ಟ್ ಕೆಲಸಕ್ಕೆ ಈ ಸಲ ‘ಡಿಗ್ರಿ ಕಡ್ಡಾಯ’ ಅನ್ನೋ ಸಾಲು ತೆಗೆದುಬಿಟ್ಟೆವು, ಕೌಶಲ ನೋಡಿ ತಗೊಳ್ಳೋಣ ಅಂತ. ಅರ್ಜಿಗಳು ರಾಶಿ ಬಿದ್ದವು. ಎಲ್ಲ ಓದೋಕೆ ಆಗಲ್ಲ ಅಂತ ಒಂದು ಎಐ ಟೂಲ್‌ಗೆ ಹಾಕಿದೆವು, ಅದು ಒಬ್ಬೊಬ್ಬರಿಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟಿತು. ಮೇಲಿನ ಹತ್ತು ಜನರನ್ನು ಕರೆದರೆ ಅರ್ಧ ಜನಕ್ಕೆ ಎರಡು ಟೇಬಲ್ ಜೋಡಿಸುವಷ್ಟು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ) ಕೂಡ ಬರಲಿಲ್ಲ! ಸುಮ್ನೆ ಪಟ್ಟಿಯ ತಳ ನೋಡಿದೆ. ಮೂರು ವರ್ಷ ಗೋದಾಮಿನ ಲೆಕ್ಕವನ್ನೆಲ್ಲ ತಾವೇ ಎಕ್ಸೆಲ್‌ನಲ್ಲಿ ಕಟ್ಟಿ ನಡೆಸಿದವರೊಬ್ಬರು 31 ಅಂಕ ತಗೊಂಡು ಕೂತಿದ್ದಾರೆ. ತಪ್ಪು ಟೂಲ್‌ದಾ, ನಮ್ದಾ?

ಹಳೇ_ರಿಕ್ರೂಟರ್:
ಎರಡೂ. ಇಂಥ ಎಷ್ಟೋ ಟೂಲ್‌ಗಳು ನಿಮ್ಮ ಜಾಹೀರಾತಿನ ಮಾತಿಗೆ ರೆಸ್ಯೂಮೆ ಮಾತು ಎಷ್ಟು ಹತ್ತಿರ ಅಂತಷ್ಟೇ ನೋಡುತ್ತವೆ. ಅಭ್ಯರ್ಥಿಗಳೂ ಅದೇ ಜಾಹೀರಾತನ್ನು ಚಾಟ್‌ಜಿಪಿಟಿಗೆ ಕೊಟ್ಟು ‘ಇದಕ್ಕೆ ಹೊಂದೋ ಹಾಗೆ ಬರೆದುಕೊಡು’ ಅಂತಾರೆ. ಒಂದು ಎಐ ಬರೆದ ಪರೀಕ್ಷೆಗೆ ಇನ್ನೊಂದು ಎಐ ಮಾರ್ಕ್ಸ್ ಹಾಕಿದ ಹಾಗಾಯ್ತು, ಅಲ್ವಾ? ಗೋದಾಮಿನವರು ಪಾಪ ‘ಡೇಟಾ’ ಅನ್ನೋ ಪದವನ್ನೇ ಬರೆದಿರಲಿಕ್ಕಿಲ್ಲ.

ಕೋಡ್_ಕಟ್ಟೆ:
ಇನ್ನೊಂದು ಅಪಾಯ ಇದೆ. ಅಮೆಜಾನ್ 2014ರಲ್ಲಿ ಇಂಥದ್ದೊಂದು ಟೂಲ್ ಕಟ್ಟೋಕೆ ಶುರು ಮಾಡಿತ್ತು. ಅದಕ್ಕೆ ಕಲಿಸಿದ್ದು ಹತ್ತು ವರ್ಷದ ಹಳೇ ರೆಸ್ಯೂಮೆಗಳಿಂದ, ಅವುಗಳಲ್ಲಿ ಜಾಸ್ತಿ ಗಂಡಸರವೇ. ಹಾಗಾಗಿ ರೆಸ್ಯೂಮೆಯಲ್ಲಿ ‘ಮಹಿಳೆಯರ’ ಅನ್ನೋ ಪದ ಕಂಡರೆ ಸಾಕು, ಅಂಕ ಇಳಿಸುತ್ತಿತ್ತು! ಕೊನೆಗೆ ಕೈಬಿಟ್ಟರು, 2018ರಲ್ಲಿ ಸುದ್ದಿ ಹೊರಬಂತು. ಡಿಗ್ರಿ ಸಾಲು ಅಳಿಸಿದರೂ, ನಿಮ್ಮ ಟೂಲ್ ಕಲಿತದ್ದು ಡಿಗ್ರಿಯವರನ್ನೇ ತಗೊಂಡ ದಾಖಲೆಯಿಂದಾದರೆ ಡಿಗ್ರಿ ಹಿಂಬಾಗಿಲಿಂದ ಒಳಗೆ ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ 2023ರಿಂದ ಇಂಥ ಟೂಲ್ ಬಳಸಬೇಕಾದರೆ ಅದು ಪಕ್ಷಪಾತ ಮಾಡುತ್ತಾ ಅಂತ ಆಡಿಟ್ ಮಾಡಿಸಬೇಕು, ಅಭ್ಯರ್ಥಿಗೆ ಮೊದಲೇ ತಿಳಿಸಬೇಕು. ನಿಮ್ಮ ಕಡೆ ಕಾನೂನು ಇರಲಿ ಬಿಡಲಿ, ಮಾರಿದವರ ಹತ್ತಿರ ಆಡಿಟ್ ವರದಿ ಕೇಳಿ. ತಡವರಿಸಿದರೆ ಅರ್ಥ ಮಾಡ್ಕೊಳ್ಳಿ.

ಹಳೇ_ರಿಕ್ರೂಟರ್:
ಜಾಹೀರಾತಿನಲ್ಲಿ ಡಿಗ್ರಿ ತೆಗೆಯೋದು ಸುಲಭ, ತಗೊಳ್ಳೋದೇ ಕಷ್ಟ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಉದ್ಯೋಗ ಮಾರುಕಟ್ಟೆಯ ಅಧ್ಯಯನ ಮಾಡೋ ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಅಮೆರಿಕದ ಲೆಕ್ಕ ಹಾಕಿದಾಗ, ಈ ಬದಲಾವಣೆಯಿಂದ ಉಪಯೋಗವಾದದ್ದು 700 ನೇಮಕದಲ್ಲಿ ಒಂದಕ್ಕಿಂತ ಕಡಿಮೆ. ನಾನಾದರೆ ಅಂಕದ ಕಾಲಮ್ಮನ್ನೇ ಮುಚ್ಚಿಡುತ್ತೇನೆ. ನಿಮ್ಮ ಈಗಿನ ಅನಲಿಸ್ಟ್ ಸೋಮವಾರ ಬೆಳಿಗ್ಗೆ ನಿಜಕ್ಕೂ ಏನು ಮಾಡ್ತಾರೆ ಕೇಳಿ, ಅದರದ್ದೇ ಒಂದು ತುಂಡನ್ನು, ಹೆಸರು ಅಳಿಸಿದ, ಅಸ್ತವ್ಯಸ್ತವಾದ ಎಕ್ಸೆಲ್ ಶೀಟ್ ಆದರೂ ಸರಿ, ಎಲ್ಲರಿಗೂ ಕೊಟ್ಟು 40 ನಿಮಿಷ ಬಿಡಿ. ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಡಿ, ಉತ್ತರ ನೋಡಿದ ಮೇಲಲ್ಲ.

ಹೊಸ_ಎಚ್‌ಆರ್:
ಅಷ್ಟೂ ಜನರ ಉತ್ತರ ಯಾರು ನೋಡೋದು, ಎಐಗೆ ಕೊಡಲಾ?

ಕೋಡ್_ಕಟ್ಟೆ:
ಸಂಖ್ಯೆ ಸರಿ ಬಂತಾ ಅಂತ ನೋಡೋಕೆ ಮಾಮೂಲಿ ಫಾರ್ಮುಲಾ ಸಾಕು, ಎಐ ಯಾಕೆ? ಅದರಲ್ಲಿ ಪಾಸಾದವರದ್ದನ್ನು ಮಾತ್ರ ನಿಮ್ಮ ಅನಲಿಸ್ಟ್ ಓದಲಿ.

ಹೊಸ_ಎಚ್‌ಆರ್:
ಸರಿ. 31 ಅಂಕದವರಿಗೂ ಶೀಟ್ ಕಳಿಸಿದೆ. ಬಾಸ್‌ಗೆ ಅಂಕ ಹೇಳಿಲ್ಲ.